ಹೊನ್ನಾಳಿಯ ನೆತ್ತಿಯ ಮೇಲೆ ಎರಡು ಹೊಳೆ

2016ರ ಅಕ್ಟೋಬರಿನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನ ಮಾಮೂಲಿ ದಾರಿ ಬಿಟ್ಟಿತು. ಅಲ್ಲಿಯವರೆಗೆ ಅದು ಪಡುವಣಕ್ಕೆ ಹೊರಟು, ಯುರೋಪು ಹಾದು, ಅಟ್ಲಾಂಟಿಕ್ ದಾಟಿ ಹೋಗುತ್ತಿತ್ತು. ಈ ಸಲ ಮೂಡಣಕ್ಕೆ ತಿರುಗಿ ಪೆಸಿಫಿಕ್ ಸಾಗರದ ಮೇಲೆ ಹಾರಿತು. ಹಳೆಯ ದಾರಿ ಸುಮಾರು 13,900 ಕಿಲೋಮೀಟರ್, ಹೊಸದು 15,300. ಸಾವಿರದ ನಾನೂರು ಕಿಲೋಮೀಟರ್ ಹೆಚ್ಚು ಹಾರಿದ ವಿಮಾನ ಹದಿನಾಲ್ಕೂವರೆ ಗಂಟೆಯಲ್ಲಿ, ಅಂದರೆ ಎರಡು ಗಂಟೆಯಷ್ಟು ಮೊದಲೇ ಊರು ಸೇರಿತು. ನಮ್ಮ ಕಡೆಯ ಯಾವ ಬಸ್ ಕಂಡಕ್ಟರನೂ ಈ ಲೆಕ್ಕವನ್ನು ಸುಲಭಕ್ಕೆ ಒಪ್ಪಲಾರ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಮೊದಲ ಮೂರಕ್ಕೆ ಹತ್ತಿರದ್ದೆಂದರೆ ಶಿವಮೊಗ್ಗದ ಪಕ್ಕದ ಸೋಗಾನೆಯದು, 2023ರ ಫೆಬ್ರವರಿ 27ರಂದು ಉದ್ಘಾಟನೆಯಾದದ್ದು. ಹಾಗೆಂದು ವಿಮಾನದ ಮಾತು ಈ ಊರುಗಳಿಗೆ ಹೊಸದಲ್ಲ. ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳಲ್ಲಿ, ಅವರು ಹೊರಟ ದಿನ, ಫೋನಿನ ಪರದೆಯ ಮೇಲೆ ಪುಟ್ಟ ವಿಮಾನ ತೆವಳುವುದನ್ನು ನೋಡುತ್ತ ಕೂರುವುದು ಈಗ ರೂಢಿ. ನೋಡುವವರಿಗೆ ಹುಟ್ಟುವ ಸಂಶಯ ಎರಡು. ಬೆಂಗಳೂರಿಗೆ ಬರಬೇಕಾದದ್ದು ಉತ್ತರ ಧ್ರುವದ ಕಡೆಗೆ ಯಾಕೆ ಮುಖ ಮಾಡಿದೆ? ಹೋಗುವಾಗ ಹಿಡಿದಷ್ಟೇ ಹೊತ್ತು ಬರುವಾಗಲೂ ಯಾಕೆ ಹಿಡಿಯುವುದಿಲ್ಲ?

ಮೊದಲನೆಯದಕ್ಕೆ ಉತ್ತರ ಹುಡುಕಿದವರು ನೆಲ ಅಳೆದವರು. ಎರಡನೆಯದಕ್ಕೆ, ಬಲೂನು ಹಾರಿಸಿದವರು. ನೂರಿಪ್ಪತ್ತು ವರ್ಷಗಳ ಅಂತರದಲ್ಲಿ ಬಾಳಿದ ಈ ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ಉಪಕರಣ. ಕೋನ ಅಳೆಯುವ ದುರ್ಬೀನು, ಥಿಯೋಡೊಲೈಟ್.

ನೆಲದ ಕತೆ ನಮ್ಮ ನಾಡಿನಲ್ಲೇ ಶುರುವಾಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದ ಮೇಲೆ, ಗೆದ್ದ ಸೀಮೆ ಎಷ್ಟಿದೆ ಎಂದು ಕಂಪನಿ ಸರ್ಕಾರಕ್ಕೆ ತಿಳಿಯಬೇಕಾಯಿತು. ಕಾಲಿನ್ ಮೆಕೆಂಜಿ ಊರು, ಕೆರೆ, ಗಡಿಗಳ ನಕ್ಷೆ ಬರೆಯಲು ಹೊರಟ. ಅವನ ತಂಡ ಚಿತ್ರದುರ್ಗದ ಸೀಮೆಯನ್ನೂ ತಿರುಗಿತು. ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಇನ್ನೊಬ್ಬ ಅಧಿಕಾರಿಗೆ ಹಿಡಿದದ್ದು ಬೇರೆ ಹುಚ್ಚು. ಅವನಿಗೆ ಭೂಮಿ ಎಷ್ಟು ಗುಂಡಗಿದೆ ಎಂದೇ ಅಳೆಯಬೇಕಿತ್ತು. 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಳಿ ನೂರು ಅಡಿಯ ಉಕ್ಕಿನ ಸರಪಣಿ ಹಿಡಿದು ಏಳು ಮೈಲಿಗೂ ಉದ್ದದ ಆಧಾರರೇಖೆ ಎಳೆದ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಗುಡ್ಡದ ಬಳಿ ಇನ್ನೊಂದು. ಆ ಸರಪಣಿಗೂ ಒಂದು ಪೂರ್ವಕತೆಯಿದೆ: ಚೀನಾದ ಚಕ್ರವರ್ತಿಗೆ ಕಾಣಿಕೆಯೆಂದು ಒಯ್ದು, ಅಲ್ಲಿ ಯಾರಿಗೂ ಬೇಡವಾಗಿ ಕಲ್ಕತ್ತೆಗೆ ಬಂದ ಮಾಲು ಅದು. ಅರ್ಧ ಟನ್ ತೂಗುತ್ತಿದ್ದ ದೊಡ್ಡ ಥಿಯೋಡೊಲೈಟ್ ಅಂತೂ ಲಂಡನ್ನಿನಿಂದ ಬರುವಾಗ ಫ್ರೆಂಚರ ಕೈಗೆ ಸಿಕ್ಕಿ, ಮಾರಿಷಸ್ ನೋಡಿಕೊಂಡು, ಅಲ್ಲಿನ ಗವರ್ನರನ ದೊಡ್ಡತನದಿಂದ ಮದ್ರಾಸು ಸೇರಿತು.

ತ್ರಿಕೋನದ ಒಂದು ಭುಜ, ಎರಡು ಕೋನ ಗೊತ್ತಿದ್ದರೆ ಉಳಿದ ಭುಜಗಳನ್ನು ಅಳೆಯಬೇಕಿಲ್ಲ, ಲೆಕ್ಕ ಹಾಕಿದರೆ ಸಾಕು. ಬೆಟ್ಟದಿಂದ ಬೆಟ್ಟಕ್ಕೆ ದುರ್ಬೀನು ತಿರುಗಿಸುತ್ತ ಲ್ಯಾಂಬ್ಟನ್ ಮದ್ರಾಸಿನಿಂದ ಬೆಂಗಳೂರಿಗೆ ತ್ರಿಕೋನಗಳನ್ನು ಹೆಣೆದು ತಂದ. 1804ರಲ್ಲಿ ಬೆಂಗಳೂರಿನ ಬಳಿ ಮತ್ತೆ ಸರಪಣಿ ಹಾಸಿ ಪರೀಕ್ಷಿಸಿದಾಗ, ಲೆಕ್ಕದಲ್ಲಿ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ನಾಲ್ಕು ಅಂಗುಲದಷ್ಟೂ ವ್ಯತ್ಯಾಸವಿರಲಿಲ್ಲ. ಹೆಣಿಗೆ ಮಂಗಳೂರಿನ ಕಡಲು ಮುಟ್ಟಿದಾಗ ಎಲ್ಲರೂ ಬೆರಗಾದರು. ಮದ್ರಾಸಿಗೂ ಮಂಗಳೂರಿಗೂ ನಡುವೆ ಹಳೆಯ ನಕ್ಷೆಗಳು 400 ಮೈಲಿ ಎನ್ನುತ್ತಿದ್ದವು. ಇದ್ದದ್ದು 360. ಯಾವ ಯುದ್ಧವೂ ಇಲ್ಲದೆ ದಕ್ಷಿಣ ಭಾರತ ನಲವತ್ತು ಮೈಲಿ ಕಿರಿದಾಯಿತು.

ಇಂದು ಎರಡು ಊರುಗಳ ಅಕ್ಷಾಂಶ ರೇಖಾಂಶ ಹಾಕಿದರೆ ನೇರ ದೂರ ಹೇಳುವ ತಂತ್ರಾಂಶಗಳ ಹಿಂದಿರುವುದು ಇಂಥದೇ ತ್ರಿಕೋನಗಳು, ಆದರೆ ಗೋಲದ ಮೇಲೆ ಬರೆದವು. ಹೊನ್ನಾಳಿಯಿಂದ ಜಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 80 ಕಿಲೋಮೀಟರ್. ದಾವಣಗೆರೆ ಮೇಲೆ ಹೋಗುವ ಬಸ್ಸಿಗೆ ಅದಕ್ಕಿಂತ ಹೆಚ್ಚು. ಇಷ್ಟು ಸಣ್ಣ ದೂರದಲ್ಲಿ ಭೂಮಿ ಚಪ್ಪಟೆಯೆಂದುಕೊಂಡರೂ ನಷ್ಟವೇನಿಲ್ಲ. ದೂರ ಬೆಳೆದಂತೆ ಗೋಲ ತನ್ನ ಗುಣ ತೋರಿಸುತ್ತದೆ. ಹೊನ್ನಾಳಿಯ ಅಕ್ಷಾಂಶದಲ್ಲಿ ಒಂದು ಡಿಗ್ರಿ ಪೂರ್ವಕ್ಕೆ ಸರಿಯಬೇಕಾದರೆ 108 ಕಿಲೋಮೀಟರ್ ಸಾಗಬೇಕು. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹದ ಲಾಂಗ್‌ಯರ್‌ಬ್ಯೆನ್‌ನಲ್ಲಿ, 78 ಡಿಗ್ರಿ ಉತ್ತರದಲ್ಲಿ, ಬರೀ 23 ಕಿಲೋಮೀಟರ್ ಹೋದರೆ ಅದೇ ಒಂದು ಡಿಗ್ರಿ. ಗೋಡೆಗೆ ತೂಗುಹಾಕಿದ ನಕ್ಷೆ ಉತ್ತರದ ತುದಿಯನ್ನು ಎಳೆದೆಳೆದು ಅಗಲ ಮಾಡಿರುತ್ತದೆ. ಅಲ್ಲಿ ಡೊಂಕಾಗಿ ಕಾಣುವ ದಾರಿ ಗೋಲದ ಮೇಲೆ ನೆಟ್ಟಗಿನದು.

ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಬೆಂಗಳೂರನ್ನೇ ತೆಗೆದುಕೊಳ್ಳಿ. ಇವೆರಡೂ ಭೂಗೋಲದ ಹೆಚ್ಚುಕಡಿಮೆ ಎದುರುಬದುರು ರೇಖಾಂಶಗಳಲ್ಲಿವೆ. ಗೋಲದ ಮೇಲೆ ಇವುಗಳ ನಡುವಿನ ಅತಿ ಕಡಿಮೆ ದೂರ ಸುಮಾರು 13,990 ಕಿಲೋಮೀಟರ್. ಆ ದಾರಿ ಪೆಸಿಫಿಕ್‌ನ ಉತ್ತರದ ಅಂಚು ಹಿಡಿದು, 71 ಡಿಗ್ರಿಯ ಹತ್ತಿರಕ್ಕೆ ಏರಿ, ಸೈಬೀರಿಯಾ ಹಾದು ಇಳಿಯುತ್ತದೆ. ಅದನ್ನು ಬಿಟ್ಟು ಸೀದಾ ಧ್ರುವದ ನೆತ್ತಿಗೇ ಹೋಗಿ ಇಳಿದರೆ ಎಷ್ಟು ಹೆಚ್ಚಾಗಬಹುದು? ಕೂಡಿ ಕಳೆದರೆ 375 ಕಿಲೋಮೀಟರ್ ಚಿಲ್ಲರೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ತಂದಾಗ ಹಿಡಿದದ್ದು ಧ್ರುವದ ಮೇಲಿನ ಈ ದಾರಿಯನ್ನೇ. ಅತಿ ಕಡಿಮೆ ದೂರ ಕೈಯಲ್ಲಿದ್ದೂ ಅದನ್ನು ಯಾಕೆ ಬಿಡಬೇಕು? ಲ್ಯಾಂಬ್ಟನ್ನನ ಸರಪಣಿಯಲ್ಲಿ ಇದಕ್ಕೆ ಉತ್ತರವಿಲ್ಲ, ಅದಿರುವುದು ಗಾಳಿಯಲ್ಲಿ.

1932ರ ಅಕ್ಟೋಬರಿನಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಟಪಾಲು ಹೊತ್ತ ಸಣ್ಣ ವಿಮಾನ ಹಾರಿಸಿ ತಂದರು. ಅಲ್ಲಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಅದನ್ನು ಮದ್ರಾಸಿಗೆ ಒಯ್ದ, ನಡುವೆ ಬಳ್ಳಾರಿಯಲ್ಲಿ ಇಳಿದು. ಜಗಳೂರಿನವರಿಗೆ ಕೂಗಳತೆಯೆನ್ನಬಹುದಾದ ಬಳ್ಳಾರಿ ಟಾಟಾ ಅವರ ಟಪಾಲು ವಿಮಾನದ ದಾರಿಯ ಮೇಲೆ ಬಂದದ್ದು ಹಾಗೆ. ಆಗಿನ ವಿಮಾನಗಳು ಹಾರುತ್ತಿದ್ದದ್ದು ತಗ್ಗಿನಲ್ಲಿ, ಗುಡ್ಡ ನದಿಗಳ ಗುರುತು ಹಿಡಿದು. ಎದುರು ಗಾಳಿಯ ಕಾಟ ಪೈಲಟ್‌ಗಳಿಗೆ ಚೆನ್ನಾಗಿ ಗೊತ್ತಿತ್ತು. ಹತ್ತು ಕಿಲೋಮೀಟರ್ ಮೇಲೆ ಏನಿದೆಯೆಂದು ಮಾತ್ರ ಅವರಿಗೆ ತಿಳಿಯದು, ತಿಳಿಯುವ ಅಗತ್ಯವೂ ಇರಲಿಲ್ಲ.

ಮೇಲೆ ಏನೋ ಇದೆಯೆಂಬ ಸುಳಿವನ್ನು ಒಂದು ಜ್ವಾಲಾಮುಖಿ ಕೊಟ್ಟಿತ್ತು. 1883ರ ಆಗಸ್ಟ್ ಕೊನೆಗೆ ಜಾವಾದ ಬಳಿ ಕ್ರಕಟೋವಾ ಸಿಡಿಯಿತು. ಸೆಪ್ಟೆಂಬರಿನಲ್ಲಿ ಮದ್ರಾಸಿನ ಜನ ಹಸಿರು ಸೂರ್ಯನನ್ನು ಕಂಡರು. ಧೂಳು ಪಡುವಣಕ್ಕೆ ಓಡುತ್ತ ಎರಡೇ ವಾರದಲ್ಲಿ ಭೂಮಿಯನ್ನು ಸುತ್ತಿಬಂತು. ಹವಾಯಿಯಲ್ಲಿದ್ದ ಸೆರೆನೊ ಬಿಷಪ್ ಎಂಬ ಪಾದ್ರಿ ಈ ಸುತ್ತಾಟದ ಜಾಡು ಹಿಡಿದು, ಸಮಭಾಜಕದ ಮೇಲೆ ಎತ್ತರದಲ್ಲಿ ಭಾರಿ ವೇಗದ ಗಾಳಿಯಿರಬೇಕೆಂದು ಬರೆದ. ಗಾಳಿ ಕಾಣುವುದಿಲ್ಲ, ಅದು ಹೊತ್ತು ಒಯ್ಯುವುದು ಕಾಣುತ್ತದೆ. ಇದನ್ನೇ ಬೇಕೆಂದು ಮಾಡಿದರೆ ಹೇಗೆ? ಹೈಡ್ರೋಜನ್ ತುಂಬಿದ ಬಲೂನು ಬಿಡುವುದು. ಅದು ನಿಮಿಷಕ್ಕೆ ಎಷ್ಟು ಮೇಲೇರುತ್ತದೆಂದು ಮೊದಲೇ ಗೊತ್ತು. ನಿಮಿಷ ನಿಮಿಷಕ್ಕೂ ಥಿಯೋಡೊಲೈಟಿನಿಂದ ಕೋನ ಹಿಡಿಯುವುದು. ಲ್ಯಾಂಬ್ಟನ್ ಬೆಟ್ಟದ ತುದಿಗೆ ತಿರುಗಿಸಿದ ದುರ್ಬೀನನ್ನು ಆಕಾಶಕ್ಕೆ ತಿರುಗಿಸಿದರಾಯಿತು. ತ್ರಿಕೋನ ಅದೇ, ಗಣಿತ ಅದೇ. ಭಾರತದಲ್ಲೂ 1914ರಿಂದ ಆಗ್ರಾದಲ್ಲಿ ಈ ಕೆಲಸಕ್ಕೆಂದೇ ವೀಕ್ಷಣಾಲಯವಿತ್ತು.

ದೊಡ್ಡ ಬೇಟೆ ಸಿಕ್ಕಿದ್ದು ಜಪಾನಿನಲ್ಲಿ. ಟೋಕಿಯೋದ ಈಶಾನ್ಯಕ್ಕಿರುವ ತಾತೆನೊ ಎಂಬಲ್ಲಿ 1920ರಲ್ಲಿ ಆರಂಭವಾದ ಮೇಲ್ವಾಯು ವೀಕ್ಷಣಾಲಯದ ಮುಖ್ಯಸ್ಥ ವಾಸಾಬುರೋ ಓಯಿಶಿ. ಅಲ್ಲಿ ಚಳಿಗಾಲದ ಆಕಾಶ ತಿಳಿಯಾಗಿರುತ್ತದೆ. ಬಲೂನು ಒಂಬತ್ತು ಹತ್ತು ಕಿಲೋಮೀಟರ್ ಏರಿದರೂ ದುರ್ಬೀನಿಗೆ ಸಿಗುತ್ತದೆ. ಓಯಿಶಿ ಕಂಡದ್ದು ಪಡುವಣದಿಂದ ಸೆಕೆಂಡಿಗೆ 70 ಮೀಟರಿನಷ್ಟು ವೇಗದಲ್ಲಿ ಬೀಸುವ ಗಾಳಿ. ಅಂದರೆ ಗಂಟೆಗೆ 250 ಕಿಲೋಮೀಟರ್. ನೆಲದ ಮೇಲೆ ಚಂಡಮಾರುತಕ್ಕೆ ಇರುವ ವೇಗ ಅಲ್ಲಿ ಚಳಿಗಾಲದ ದಿನಚರಿ! 1926ರಲ್ಲಿ ಆತ ವರದಿ ಅಚ್ಚು ಹಾಕಿಸಿದ. ಜಗತ್ತೆಲ್ಲ ಓದಲೆಂಬ ಆಸೆಯಿಂದ ಆರಿಸಿಕೊಂಡ ಭಾಷೆ ಎಸ್ಪೆರಾಂಟೊ. ಎಲ್ಲ ದೇಶದವರಿಗೂ ಸಲ್ಲಲಿ ಎಂದು ಹುಟ್ಟಿಸಿದ ಭಾಷೆ ಅದು, ಓಯಿಶಿ ಅದರ ಕಟ್ಟಾ ಅಭಿಮಾನಿ. ಎಲ್ಲರ ಭಾಷೆಯಲ್ಲಿ ಬರೆದದ್ದನ್ನು ಯಾರೂ ಓದಲಿಲ್ಲ. ಜಪಾನಿನ ಸೈನ್ಯದ ಹೊರತು.

ಅಮೆರಿಕದವರಿಗೆ ಇದು ತಿಳಿದದ್ದು ಮೈಮೇಲೆ ಬಂದಾಗ. 1944ರ ನವೆಂಬರ್ 24ರಂದು ಬಿ-29 ಬಾಂಬರ್‌ಗಳು ಹತ್ತು ಕಿಲೋಮೀಟರಿನ ಆಸುಪಾಸಿನ ಎತ್ತರದಲ್ಲಿ ಟೋಕಿಯೋ ಮೇಲೆ ಬಂದವು. ಬೆನ್ನ ಹಿಂದಿನ ಗಾಳಿ ಅವುಗಳನ್ನು ಗಂಟೆಗೆ 700 ಕಿಲೋಮೀಟರಿಗೂ ಮಿಕ್ಕಿದ ವೇಗಕ್ಕೆ ತಳ್ಳಿತು. ಅಷ್ಟು ವೇಗಕ್ಕೆ ಗುರಿಯಂತ್ರಗಳು ಹೊಂದಲಿಲ್ಲ, ಬಾಂಬುಗಳು ಎಲ್ಲೆಲ್ಲೋ ಬಿದ್ದವು. ಅದೇ ತಿಂಗಳಿನಿಂದ ಜಪಾನು ಅದೇ ಗಾಳಿಗೆ ಕಾಗದದ ಬಲೂನು ಕಟ್ಟಿ, ಬಾಂಬು ತೂಗಿಸಿ, ಪೆಸಿಫಿಕ್ ದಾಟಿಸತೊಡಗಿತು. ಬಿಟ್ಟದ್ದು ಒಂಬತ್ತು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಒಂದು 1945ರ ಮೇ ತಿಂಗಳಲ್ಲಿ ಅಮೆರಿಕದ ಆರೆಗನ್ನಿನ ಕಾಡಿನಲ್ಲಿ ಆರು ಜನರನ್ನು ಕೊಂದಿತು. ಐವರು ಮಕ್ಕಳು, ಒಬ್ಬಳು ಗರ್ಭಿಣಿ. ಯುದ್ಧ ಮುಗಿದ ಮೇಲೆ ಷಿಕಾಗೋದಲ್ಲಿ ಕಾರ್ಲ್-ಗುಸ್ತಾಫ್ ರಾಸ್ಬಿ ಮತ್ತು ಸಂಗಡಿಗರು ಈ ಗಾಳಿಯ ಗಣಿತ ಬಿಡಿಸಿದರು. ಜೆಟ್ ಸ್ಟ್ರೀಮ್ ಎಂಬ ಹೆಸರು ಊರೂರಿಗೂ ಮುಟ್ಟಿತು. 2016ರಲ್ಲಿ ದೆಹಲಿಯ ವಿಮಾನವನ್ನು ಬೆನ್ನು ತಟ್ಟಿ ಕಳಿಸಿದ್ದೂ, 2021ರಲ್ಲಿ ಬೆಂಗಳೂರಿಗೆ ಬಂದ ವಿಮಾನ ಪೆಸಿಫಿಕ್ ಅಂಚಿನಲ್ಲಿ ಎದುರಿಸಲೊಲ್ಲದೆ ಧ್ರುವ ಸುತ್ತಿದ್ದೂ ಇದೇ ಗಾಳಿಯ ಕಾರಣಕ್ಕೆ. 375 ಕಿಲೋಮೀಟರ್ ಹೆಚ್ಚು ಕೊಟ್ಟು ಎದುರು ಗಾಳಿಯಿಂದ ಬಿಡುಗಡೆ ಪಡೆಯುವುದು ಅಗ್ಗದ ವ್ಯಾಪಾರ.

ಓಯಿಶಿಯ ಗಾಳಿ ನಮ್ಮ ತಲೆಯ ಮೇಲಿನದಲ್ಲ. ಚಳಿಗಾಲದಲ್ಲಿ ಉತ್ತರ ಭಾರತದವರೆಗೆ ಇಳಿದು, ಬೇಸಿಗೆ ಕಳೆಯುತ್ತಲೇ ಹಿಮಾಲಯದ ಆಚೆಗೆ ಸರಿಯುತ್ತದೆ. ನಮ್ಮ ಮೇಲಿನದನ್ನು ಕಂಡುಹಿಡಿಯಲು ಇನ್ನೂ ಕಾಯಬೇಕಾಯಿತು. ಕಾರಣ ಸರಳ: ಆ ಗಾಳಿ ಹರಿಯುವುದು ಮುಂಗಾರಿನ ತಿಂಗಳುಗಳಲ್ಲಿ, ಮತ್ತು ಮುಂಗಾರಿನಲ್ಲಿ ಹಾರಿಬಿಟ್ಟ ಬಲೂನು ಮೋಡ ಸೇರಿದ ಕೂಡಲೇ ದುರ್ಬೀನಿಗೆ ಕುರುಡು. ರೇಡಿಯೋ ಕಟ್ಟಿದ ಬಲೂನುಗಳು ಬಂದ ಮೇಲೆಯೇ ಮೋಡದ ಆಚೆಗಿನ ಸುದ್ದಿ ನೆಲಕ್ಕೆ ಬರತೊಡಗಿತು. ಆ ಅಂಕಿಗಳನ್ನು ಜೋಡಿಸಿದವರು ಭಾರತೀಯ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ, ಮುಂದೆ ಅದೇ ಇಲಾಖೆಯ ಮಹಾನಿರ್ದೇಶಕರಾದವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಭಾರತದ ಮೇಲೆ, ಹದಿನಾಲ್ಕು ಹದಿನೈದು ಕಿಲೋಮೀಟರ್ ಎತ್ತರದಲ್ಲಿ, ಮೂಡಣದಿಂದ ಪಡುವಣಕ್ಕೆ ಒಂದು ಬಿರುಸು ಗಾಳಿ ಸತತ ಬೀಸುತ್ತದೆಂದು 1958ರಲ್ಲಿ ‘ಟೆಲಸ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಅವರು ತೋರಿಸಿಕೊಟ್ಟರು. ಆಗ್ನೇಯ ಏಷ್ಯಾದಿಂದ ಹೊರಟು, ನಮ್ಮನ್ನು ದಾಟಿ, ಅರಬ್ಬಿ ಸಮುದ್ರ ಹಾದು ಆಫ್ರಿಕಾ ಮುಟ್ಟುವ ಗಾಳಿ ಅದು. ವೇಗ ಗಂಟೆಗೆ ನೂರು, ನೂರೈವತ್ತು ಕಿಲೋಮೀಟರ್. ಕೆಲವು ದಿನ ಇನ್ನೂ ಹೆಚ್ಚು.

ಅದನ್ನು ಹುಟ್ಟಿಸುವುದು ಟಿಬೆಟ್. ಸರಾಸರಿ ನಾಲ್ಕೂವರೆ ಸಾವಿರ ಮೀಟರ್ ಎತ್ತರದ ಆ ಪ್ರಸ್ಥಭೂಮಿ ಬೇಸಿಗೆಯಲ್ಲಿ ಕಾದು ಮೇಲಿನ ಗಾಳಿಯನ್ನೂ ಬಿಸಿ ಮಾಡುತ್ತದೆ. ಸಾಮಾನ್ಯವಾಗಿ ಸಮಭಾಜಕದ ಕಡೆ ಬಿಸಿ, ಉತ್ತರಕ್ಕೆ ಹೋದಂತೆ ತಂಪು. ಮುಂಗಾರಿನಲ್ಲಿ ನಮ್ಮ ಮೇಲೆ ಇದು ತಿರುವುಮುರುವು. ಬಿಸಿ ಬಡಗಣಕ್ಕಾದಾಗ ಎತ್ತರದ ಗಾಳಿಯೂ ದಿಕ್ಕು ಬದಲಿಸುತ್ತದೆ. ಅದರ ಹರಿವು ಜೋರಾಗಿರುವ ಪಟ್ಟಿ ಹತ್ತರಿಂದ ಹದಿನೈದು ಡಿಗ್ರಿ ಉತ್ತರದ ಆಸುಪಾಸು. ಚನ್ನಗಿರಿ 14 ಡಿಗ್ರಿಯಲ್ಲಿದೆ, ಜಗಳೂರು ಹದಿನಾಲ್ಕೂವರೆಯಲ್ಲಿ. ಹೊನ್ನಾಳಿಯಲ್ಲಿ ತುಂಗಭದ್ರೆ ಕೆಂಪಾಗಿ ತುಂಬಿ ಹರಿಯುವ ಜುಲೈನಲ್ಲಿ ಅದರ ನೆತ್ತಿಯ ಮೇಲೆ, ಮೋಡದ ಆಚೆ, ಇನ್ನೊಂದು ಹೊಳೆ ಹರಿಯುತ್ತಿರುತ್ತದೆ, ಒಂದು ಹನಿ ನೀರೂ ಕಾಣಿಸದೆ.

ಅದೊಂದೇ ಆಗಿದ್ದರೆ ಲೆಕ್ಕ ಸುಲಭವಿತ್ತು. 1966ರಲ್ಲಿ ಪಿ.ವಿ. ಜೋಸೆಫ್ ಮತ್ತು ಪಿ.ಎಲ್. ರಾಮನ್ ಇನ್ನೊಂದನ್ನು ತೋರಿಸಿಕೊಟ್ಟರು. ಜುಲೈ ತಿಂಗಳಲ್ಲಿ ದಕ್ಷಿಣದ ನಮ್ಮ ಇದೇ ನೆಲದ ಮೇಲೆ, ಬರೀ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ, ತದ್ವಿರುದ್ಧ ದಿಕ್ಕಿನಲ್ಲಿ, ಪಡುವಣದಿಂದ ಮೂಡಣಕ್ಕೆ ಬೀಸುವ ಬಿರುಗಾಳಿಯ ಪಟ್ಟಿ. ಇದು ಅರಬ್ಬಿ ಸಮುದ್ರದ ನೀರು ಹೊತ್ತು ತರುವ ಗಾಳಿ. ಇದರ ಸೆರಗು ನೆಲಕ್ಕೂ ತಾಗುತ್ತದೆ: ಜಗಳೂರಿನಿಂದ ಚಿತ್ರದುರ್ಗದ ಕಡೆ ಹೊರಟರೆ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ರೆಕ್ಕೆ ಮಳೆಗಾಲದಲ್ಲಿ ಬಿಡುವಿಲ್ಲದೆ ತಿರುಗುವುದು ಕಾಣುತ್ತದೆ. ಮಳೆ ಚನ್ನಗಿರಿಯ ತೋಟಕ್ಕೆ ಸುರಿದು ಜಗಳೂರಿಗೆ ಬರುವಷ್ಟರಲ್ಲಿ ಕೈಚೆಲ್ಲುತ್ತದೆ, ಗಾಳಿ ಮಾತ್ರ ಮೋಸ ಮಾಡುವುದಿಲ್ಲ.

ಇಷ್ಟು ತಿಳಿದ ಮೇಲೆ ವಿಮಾನದವರು ದೂರವನ್ನು ಕಿಲೋಮೀಟರಿನಲ್ಲಿ ಎಣಿಸುವುದನ್ನೇ ಹೆಚ್ಚುಕಡಿಮೆ ಬಿಟ್ಟು ಹೊತ್ತಿನಲ್ಲಿ ಎಣಿಸತೊಡಗಿದರು. ಇದು ಎದ್ದು ಕಾಣುವುದು ಧ್ರುವದ ದಾರಿಯಲ್ಲಿ. 1954ರ ನವೆಂಬರ್ 15ರಂದು ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಕೋಪನ್‌ಹೇಗನ್‌ನಿಂದ ಗ್ರೀನ್‌ಲ್ಯಾಂಡ್ ಮೇಲೆ ಲಾಸ್ ಏಂಜಲೀಸ್‌ಗೆ ಸಂಚಾರ ಶುರು ಮಾಡಿದಾಗ, ದಿಕ್ಸೂಚಿಯ ಮುಳ್ಳು ಅಲ್ಲಿ ನಂಬಿಕೆಗೆ ಅರ್ಹವಲ್ಲವೆಂದು ಬೇರೆ ಗೈರೋ ಯಂತ್ರ, ಬೇರೆ ಚೌಕುಳಿ ನಕ್ಷೆ ಬೇಕಾದವು. ಈಗ ದಿಕ್ಕಿನ ತೊಂದರೆ ಉಪಗ್ರಹಗಳಿಂದ ನೀಗಿದೆ. ಚಳಿ ನೀಗಿಲ್ಲ, ಅಮೆರಿಕದಲ್ಲಿ ತುಂಬಿಸುವ ವಿಮಾನ ಇಂಧನ ಮೈನಸ್ 40 ಡಿಗ್ರಿಗೆ ಹೆಪ್ಪುಗಟ್ಟಲು ತೊಡಗುತ್ತದೆ, ಹಾಗಾಗಿ ಟ್ಯಾಂಕಿನ ಉಷ್ಣತೆಯ ಮೇಲೆ ಕಣ್ಣಿಟ್ಟೇ ಹಾರಬೇಕು. ಇನ್ನೊಂದು ಚಿಂತೆ, ಎರಡರಲ್ಲಿ ಒಂದು ಎಂಜಿನ್ ನಿಂತರೆ ಎಲ್ಲಿ ಇಳಿಯುವುದು ಎಂಬುದು. ಅಲಾಸ್ಕಾದ ತುದಿಯ ಉಟ್ಕಿಯಾಗ್ವಿಕ್, ಧ್ರುವದಾಚೆಗೆ ಲಾಂಗ್‌ಯರ್‌ಬ್ಯೆನ್. ಇಂಥ ಮೂಲೆಯ ನಿಲ್ದಾಣಗಳ ಬೆಲೆ ತಿಳಿಯುವುದು ಆಗ.

ಈ ಎರಡು ನಿಲ್ದಾಣಗಳನ್ನೇ ಲೆಕ್ಕಕ್ಕೆ ಹಿಡಿಯೋಣ. ನಡುವಿನ ನೇರ ದೂರ ಸುಮಾರು 3,380 ಕಿಲೋಮೀಟರ್. ಗಾಳಿಯಿಲ್ಲದಿದ್ದರೆ ನಟ್ಟನಡುವೆ, 1,690ನೇ ಕಿಲೋಮೀಟರಿನಲ್ಲಿ, ಹಿಂದಿರುಗಿದರೂ ಮುಂದೆ ಹೋದರೂ ಒಂದೇ ಹೊತ್ತು. ವಿಮಾನದ ವೇಗ ಗಂಟೆಗೆ 800, ಎದುರು ಗಾಳಿ ನೂರು ಎಂದುಕೊಳ್ಳಿ. ಮುಂದಕ್ಕೆ 700ರ ವೇಗ, ತಿರುಗಿದರೆ 900. ಆಗ ಎರಡು ಕಡೆಗೂ ಸಮ ಹೊತ್ತು ಹಿಡಿಯುವ ಜಾಗ 1,900ನೇ ಕಿಲೋಮೀಟರಿಗೆ ಸರಿಯುತ್ತದೆ. ಅಂದರೆ ನಡುದಾರಿ ದಾಟಿ ಇನ್ನೂರು ಕಿಲೋಮೀಟರ್ ಬಂದಿದ್ದರೂ, ಕೆಟ್ಟ ಎಂಜಿನ್ನಿನ ಪೈಲಟ್ ಹಿಂದಕ್ಕೇ ತಿರುಗುವುದು ಜಾಣತನ. ದೂರದ ನಿಲ್ದಾಣವೇ ಅವನಿಗೆ ಹತ್ತಿರ. ಪೈಲಟ್‌ಗಳ ಬಾಯಲ್ಲಿ ಈ ಜಾಗದ ಹೆಸರು ಈಟಿಪಿ. ಗಾಳಿಯ ಮುನ್ಸೂಚನೆ ನೋಡಿ ಹೊರಡುವ ಮುನ್ನವೇ ಅದನ್ನು ಗುರುತು ಹಾಕಿಕೊಳ್ಳುತ್ತಾರೆ. ಗಾಳಿ ಬದಲಾದರೆ ಜಾಗವೂ ಬದಲು.

ನಮ್ಮ ಸೋಗಾನೆಯಿಂದ ಬೆಂಗಳೂರಿಗೆ ನೇರ ದೂರ 240 ಕಿಲೋಮೀಟರಿನ ಒಳಗೆ. ಈ ಮಾರ್ಗದಲ್ಲಿ 2023ರ ಆಗಸ್ಟ್ 31ರಿಂದ ಹಾರತೊಡಗಿದ ಪ್ರೊಪೆಲ್ಲರಿನ ಎಟಿಆರ್ ವಿಮಾನ ದೊಡ್ಡ ಜೆಟ್‌ಗಳ ಎತ್ತರಕ್ಕೆ ಏರುವುದಿಲ್ಲ. ಐದಾರು ಕಿಲೋಮೀಟರ್ ಅದರ ಮಟ್ಟ. ಮುಂಗಾರಿನಲ್ಲಿ ಅಲ್ಲಿ ಕೆಳಗಿನ ಪಡುವಣ ಗಾಳಿಯ ಕಸುವು ಇಳಿದಿರುತ್ತದೆ, ಮೇಲಿನ ಮೂಡಣ ಗಾಳಿಯ ಕಸುವು ಇನ್ನೂ ಏರಿರುವುದಿಲ್ಲ. ಗಂಟೆಗೆ 50 ಕಿಲೋಮೀಟರಿನ ಗಾಳಿ ಬೆನ್ನಿಗಿದ್ದರೂ ಅಷ್ಟು ಸಣ್ಣ ದಾರಿಯಲ್ಲಿ ಉಳಿಯುವುದು ಮೂರು ನಿಮಿಷ, ಎದುರಿಗಿದ್ದರೆ ಹೋಗುವುದೂ ಹೆಚ್ಚುಕಡಿಮೆ ಅಷ್ಟೇ. ನ್ಯಾಮತಿಯಿಂದ ಹೊರಟವರಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೆಂಗಳೂರಿನ ಬೆಲ್ಟಿನ ಮುಂದೆ ಚೀಲಕ್ಕೆ ಕಾಯುವುದರಲ್ಲೇ ಹೋಗುತ್ತದೆ.